ದತ್ತಾಂಶದ ಕಣಜವನ್ನು ತುಂಬುವ ಬಗೆ

ಹಲವೆಡೆಯ ದಾಖಲೆಗಳನ್ನು ಒಂದೆಡೆ ಕೂಡಿಡುವ ಗಣಕದ ಕಣಜಕ್ಕೆ ಡೇಟಾ ವೇರ್‌ಹೌಸ್ ಎಂದು ಹೆಸರು. ಅದನ್ನು ತುಂಬುವ ಸಾಧನಗಳಲ್ಲಿ ಎರಡು ಪಂಥಗಳುಂಟು. ಇನ್ಫರ್ಮ್ಯಾಟಿಕಾ ಪವರ್‌ಸೆಂಟರ್ ‘ತೆಗೆ, ತಿದ್ದು, ತುಂಬು’ ಎಂಬ ಇ.ಟಿ.ಎಲ್. ಕ್ರಮದ್ದು, ಕಾಳನ್ನು ಹೊರಗೇ ಕೇರಿ ಸುರಿಯುತ್ತದೆ. (ಈ ಪಂಥದ ಉಚಿತ ಸಾಧನವಾಗಿದ್ದ ಟ್ಯಾಲೆಂಡ್ ಓಪನ್ ಸ್ಟುಡಿಯೋ 2024ರ ಜನವರಿಯಲ್ಲಿ ನಿಂತಿತು.) ಇ.ಎಲ್.ಟಿ. ಕ್ರಮದಲ್ಲಾದರೋ ಎಲ್ಲವನ್ನೂ ಮೊದಲು ಒಳಗೆ ಸುರಿದು, ಬಳಿಕ ಡಿಬಿಟಿಯಂತಹ ಸಾಧನದಿಂದ ಅಲ್ಲಿಯೇ ಹಸನುಗೊಳಿಸುವರು.

ಗಡಿನಾಡಿನವರಾದ ನಮಗೆ ಈ ಭೇದ ಬರಿಯ ಯಂತ್ರವಿಚಾರವಲ್ಲ. ಒಂದೇ ಊರು ಒಂದು ದಾಖಲೆಯಲ್ಲಿ ‘ಮಂಜೇಶ್ವರ’, ಇನ್ನೊಂದರಲ್ಲಿ ‘ಮಂಜೇಶ್ವರಂ’. ಹೆಸರು, ಊರುಗಳಿಂದಲೇ ಗುರುತಿಸುವ ಪಟ್ಟಿಯಲ್ಲಿ ಒಬ್ಬ ವಿದ್ಯಾರ್ಥಿ ಇಬ್ಬರಾದಾನು. ಇವನ್ನು ಒಂದಾಗಿಸುವ ನಿಯಮವನ್ನು ಯಾವ ಸಾಧನವಾದರೂ ನಾವೇ ಕಲಿಸಬೇಕು. ಆ ನಿಯಮ ತಪ್ಪಿದರೂ, ಮೂಲರೂಪ ಕಣಜದಲ್ಲಿಯೇ ಉಳಿದಿದ್ದರೆ ಮತ್ತೆ ಕೇರಬಹುದು. ಆದುದರಿಂದ ಎರಡನೆಯ ಕ್ರಮವೇ ನನಗೆ ಮೆಚ್ಚು. ಆದರೆ ಅದರಲ್ಲಿ ಆಧಾರ್ ಸಂಖ್ಯೆಯಂತಹ ಗುಟ್ಟಿನ ವಿವರಗಳೂ ಹಾಗೆಯೇ ಒಳನುಗ್ಗುತ್ತವೆ. ಅವುಗಳನ್ನು ಬಾಗಿಲಲ್ಲಿಯೇ ಮರೆಮಾಡಬೇಕು.