ತೂಕ ಇಳಿದ ಮೇಲೆ ಉಳಿದ ಖರ್ಚು

ತೂಕ ಇಳಿಸುವುದಕ್ಕೆ ನನಗೆ ಹೆಚ್ಚು ದುಡ್ಡು ಬೇಕಾಗಲಿಲ್ಲ. ಅನ್ನ ಕಡಿಮೆ ಮಾಡಿದೆ, ರಾತ್ರಿಯ ಊಟ ಬೇಗ ಮುಗಿಸಿದೆ, ದಿನಾ ಬೆಳಗ್ಗೆ ಕೋಡಿ ಕಡಲ ಬದಿಯಲ್ಲಿ ನಡೆದೆ. ನೂರು ಕಿಲೋ ದಾಟಿದ್ದ ಮೈ ನಿಧಾನಕ್ಕೆ ಎಪ್ಪತ್ತರ ಹತ್ತಿರ ಬಂತು. ಹೊಟ್ಟೆ ಕರಗಿತು, ಮುಖ ಸಣ್ಣದಾಯಿತು. ಎದೆ ಮಾತ್ರ ಹಾಗೇ ಉಳಿಯಿತು. ಈಗ ನನ್ನ ಮುಂದಿರುವುದು ಅದರ ಶಸ್ತ್ರಚಿಕಿತ್ಸೆಯ ಪ್ರಶ್ನೆ. ಮಾಡಿಸಬೇಕೇ, ಮಾಡಿಸುವುದಾದರೆ ಯಾವಾಗ, ಯಾವ ದುಡ್ಡಿನಿಂದ?

ಮನೆಯಲ್ಲಿ ವಿಷಯ ತೆಗೆದಾಗ ಮಾವ ಹೇಳಿದ್ದು ಇಷ್ಟೇ: "ಅದ್ಕ್ ಎಂತಕ್ ದುಡ್ಡ್ ಹಾಕೂದ್ ಮಾರಾಯಾ, ಅಂಗಿ ಹಾಕಂಡ್ರೆ ಯಾರಿಗ್ ಗೊತ್ತಾತ್ತ್?" ಪ್ರೀತಿಯಿಂದಲೇ ಹೇಳಿದ ಮಾತು. ಆದರೆ ನಮ್ಮೂರಿನ ಗಂಡಸು ಅಂಗಿ ತೆಗೆಯಬೇಕಾದ ಸಂದರ್ಭಗಳು ಎಷ್ಟಿವೆ ನೋಡಿ. ಕೊಲ್ಲೂರಿನಲ್ಲಿ ತೆಗೆಯಬೇಕು, ಉಡುಪಿ ಕೃಷ್ಣಮಠದಲ್ಲಿ ತೆಗೆಯಬೇಕು. ಮನೆಯ ಪೂಜೆಯಲ್ಲಿ ಬರೀ ಶಲ್ಯ ಹೊದ್ದು ಕೂರಬೇಕು. ಗದ್ದೆಯಲ್ಲಿ, ದೋಣಿಯಲ್ಲಿ, ಸೆಕೆಗಾಲದ ಜಗಲಿಯಲ್ಲಿ ಬರಿಮೈಯೇ ಸಹಜ. ಇಂಥ ಕಡೆಯಿಂದೆಲ್ಲ ಒಬ್ಬ ಮನುಷ್ಯ ವರ್ಷಗಟ್ಟಲೆ ತಪ್ಪಿಸಿಕೊಂಡು ಓಡಾಡುತ್ತಿದ್ದರೆ, ಅದರ ಪರಿಹಾರಕ್ಕೆ ಹಾಕುವ ಹಣವನ್ನು ಶೋಕಿ ಎನ್ನಲು ನಾನು ತಯಾರಿಲ್ಲ. ಅದು ನ್ಯಾಯವಾದ ಖರ್ಚು. ಆದರೆ ಆ ಖರ್ಚಿಗೆ ಒಂದು ಕ್ರಮ ಇದೆ: ಮೊದಲು ಪರೀಕ್ಷೆ, ಆಮೇಲೆ ಉಳಿತಾಯ, ಕೊನೆಗೆ ಆಪರೇಷನ್.

ಮೊದಲ ದುಡ್ಡು ಪರೀಕ್ಷೆಗೆ

ಗಂಡಸಿನ ಎದೆ ದಪ್ಪಗಿರುವುದಕ್ಕೆ ಕಾರಣ ಒಂದೇ ಅಲ್ಲ. ಬರೀ ಕೊಬ್ಬಾದರೆ ತೂಕದೊಂದಿಗೆ ಅದೂ ಇಳಿಯುತ್ತದೆ. ಮೊಲೆತೊಟ್ಟಿನ ಹಿಂದೆ ಗ್ರಂಥಿಯ ಅಂಗಾಂಶ ಬೆಳೆದಿದ್ದರೆ ಅದು ಗೈನೆಕೊಮಾಸ್ಟಿಯಾ. ಕೈಗೆ ಗಟ್ಟಿ ಬಿಲ್ಲೆಯಂತೆ ಸಿಗುತ್ತದೆ, ವ್ಯಾಯಾಮಕ್ಕೆ ಕರಗುವುದಿಲ್ಲ. ತುಂಬ ತೂಕ ಇಳಿಸಿದವರಲ್ಲಿ ಇವೆರಡರ ಜೊತೆಗೆ ಜೋತುಬಿದ್ದ ಚರ್ಮವೂ ಇರುತ್ತದೆ. ಆಪರೇಷನ್ನಿನ ಬೆಲೆ ನಿಲ್ಲುವುದು ಈ ಮೂರರಲ್ಲಿ ಯಾವುದು ಎಷ್ಟಿದೆ ಎಂಬುದರ ಮೇಲೆ. ಕೊಬ್ಬನ್ನು ಲೈಪೊಸಕ್ಷನ್ನಿನಿಂದ ಹೀರಿ ತೆಗೆಯುತ್ತಾರೆ, ಗ್ರಂಥಿಯನ್ನು ತೊಟ್ಟಿನ ಅಂಚಿನಲ್ಲಿ ಸಣ್ಣ ಕೊಯ್ತ ಹಾಕಿ ತೆಗೆಯುತ್ತಾರೆ. ಚರ್ಮವನ್ನೂ ಕತ್ತರಿಸಬೇಕಾದರೆ ಸಮಯ, ಗಾಯದ ಕಲೆ, ಬಿಲ್ಲು ಮೂರೂ ದೊಡ್ಡದಾಗುತ್ತವೆ.

ಇದರ ಹಿಂದೆ ಬೇರೆ ಕಾಯಿಲೆ ಇರಬಹುದು ಎಂಬುದನ್ನೂ ಮರೆಯಬಾರದು. ಲಿವರ್, ಕಿಡ್ನಿ, ಥೈರಾಯ್ಡ್ ತೊಂದರೆ, ವೃಷಣದ ಗಡ್ಡೆ, ಹಾರ್ಮೋನ್ ಏರುಪೇರು ಇವೆಲ್ಲ ಕಾರಣವಾಗಬಲ್ಲವು. ಸ್ಪೈರೊನೊಲ್ಯಾಕ್ಟೋನ್, ಫಿನಾಸ್ಟರೈಡ್, ರಿಸ್ಪೆರಿಡೋನ್ ತರಹದ ಮಾತ್ರೆಗಳಿಂದಲೂ, ಜಿಮ್ಮಿನಲ್ಲಿ ಕೈಬದಲಾಗುವ ಸ್ಟೀರಾಯ್ಡ್‌ನಿಂದಲೂ ಎದೆ ಬೆಳೆಯುತ್ತದೆ. ಮಾತ್ರೆಯೇ ಕಾರಣವಾಗಿದ್ದರೆ ಡಾಕ್ಟರು ಅದನ್ನು ಬದಲಿಸಿಕೊಟ್ಟಾಗಲೇ ಗುಣ ಕಾಣಬಹುದು, ಆಗ ಆಪರೇಷನ್ನಿನ ದುಡ್ಡೇ ಉಳಿಯಿತು. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಒಂದೇ ಬದಿಯಲ್ಲಿ ಗಟ್ಟಿ ಗಂಟು, ತೊಟ್ಟಿನಿಂದ ರಕ್ತ ಅಥವಾ ನೀರು ಕಂಡರೆ ಕಾಯಲೇಬೇಡಿ. ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ನೂರಕ್ಕೆ ಸುಮಾರು ಒಬ್ಬರು ಗಂಡಸರು. ಹದಿಹರೆಯದ ಹುಡುಗರಲ್ಲಿ ಕಾಣುವ ಊತ ಮಾತ್ರ ಹೆಚ್ಚಾಗಿ ಒಂದೆರಡು ವರ್ಷದಲ್ಲಿ ತಾನಾಗಿ ಇಳಿಯುತ್ತದೆ.

ನನಗೆ ರಕ್ತಪರೀಕ್ಷೆ, ಅಲ್ಟ್ರಾಸೌಂಡ್ ಎರಡೂ ಆದವು. ಕಾಯಿಲೆ ಏನಿಲ್ಲ, ಗ್ರಂಥಿ ಇದೆ, ಚರ್ಮ ಸ್ವಲ್ಪ ಸಡಿಲ ಎಂದರು. ಪರೀಕ್ಷೆಗೆ ಹೋಗಲು ಬೈಂದೂರಿನವರಿಗೆ ಮಣಿಪಾಲದ ಆಸ್ಪತ್ರೆ ಹತ್ತಿರವಲ್ಲ, ಬ್ರಹ್ಮಾವರದವರಿಗೂ ಒಂದು ದಿನದ ಕೆಲಸ ಹೋಗುತ್ತದೆ. ಆದರೂ ಇಡೀ ಲೆಕ್ಕದಲ್ಲಿ ಅತಿ ಹೆಚ್ಚು ಫಲ ಕೊಟ್ಟ ದುಡ್ಡು ಇದೇ.

ವಿಮೆ ಕೊಡುತ್ತದೆಯೇ?

ಪಾಲಿಸಿ ಪತ್ರದಲ್ಲಿ 'ಎಕ್ಸ್‌ಕ್ಲೂಷನ್' ಪಟ್ಟಿ ತೆಗೆದು ಎಂಟನೆಯ ಕೋಡ್ ಓದಿ. ಐಆರ್‌ಡಿಎಐ ಎಂಬ ವಿಮಾ ನಿಯಂತ್ರಣ ಸಂಸ್ಥೆ ಎಲ್ಲ ಆರೋಗ್ಯ ವಿಮೆಗಳಿಗೆ ಒಂದೇ ರೀತಿ ಮಾಡಿದ ಷರತ್ತು ಅದು. ರೂಪ ಬದಲಿಸುವ ಕಾಸ್ಮೆಟಿಕ್ ಅಥವಾ ಪ್ಲಾಸ್ಟಿಕ್ ಸರ್ಜರಿಗೆ ಹಣ ಇಲ್ಲ. ಅಪಘಾತ, ಸುಟ್ಟಗಾಯ, ಕ್ಯಾನ್ಸರ್ ನಂತರದ ಪುನರ್ರಚನೆಗೆ ಇದೆ. ಆರೋಗ್ಯಕ್ಕೆ ನೇರವಾದ, ತಕ್ಷಣದ ಅಪಾಯ ತಪ್ಪಿಸಲು ಅಗತ್ಯ ಎಂದು ಚಿಕಿತ್ಸೆ ಕೊಡುವ ವೈದ್ಯರು ದೃಢೀಕರಿಸಿದರೂ ಇದೆ. ಬರೀ ಮುಜುಗರಕ್ಕಾಗಿ ಮಾಡಿಸುವ ಆಪರೇಷನ್ ಈ ಬಾಗಿಲು ದಾಟುವುದು ಕಷ್ಟ. ನೋವು, ಗಂಟಿನ ಸಂಶಯ ಇದ್ದರೆ ವೈದ್ಯರ ಪತ್ರದೊಂದಿಗೆ ದಾಖಲಾಗುವ ಮೊದಲೇ ಅನುಮತಿ ಕೇಳಿ, ಉತ್ತರ ಲಿಖಿತದಲ್ಲಿ ತೆಗೆದುಕೊಳ್ಳಿ. ಅನ್ಯಾಯವಾಗಿ ನಿರಾಕರಿಸಿದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಶುಲ್ಕವಿಲ್ಲದೆ ದೂರು ಕೊಡಬಹುದು. ನಮ್ಮ ಕಡೆಯ ಅನೇಕ ಮನೆಗಳಲ್ಲಿರುವ ಮಣಿಪಾಲ ಆರೋಗ್ಯ ಕಾರ್ಡ್ ರಿಯಾಯಿತಿ ಕಾರ್ಡ್, ವಿಮೆಯಲ್ಲ. ಯಾವುದಕ್ಕೆ ಎಷ್ಟು ರಿಯಾಯಿತಿ ಎಂದು ಕೌಂಟರಿನಲ್ಲೇ ಕೇಳಿ.

ತೆರಿಗೆಯ ಬಗ್ಗೆಯೂ ಕೇಳಬೇಕು. ಆಸ್ಪತ್ರೆಯ ಚಿಕಿತ್ಸೆಗೆ ಜಿಎಸ್‌ಟಿ ವಿನಾಯಿತಿ ಇದ್ದರೂ ಕಾಸ್ಮೆಟಿಕ್ ಸರ್ಜರಿಗೆ ತೆರಿಗೆ ಬೀಳುತ್ತದೆ. ಹುಟ್ಟಿನ ಊನ, ಬೆಳವಣಿಗೆಯ ದೋಷ, ಗಾಯದಿಂದ ಕೆಟ್ಟದ್ದನ್ನು ಸರಿಪಡಿಸುವ ಶಸ್ತ್ರಚಿಕಿತ್ಸೆಗೆ ವಿನಾಯಿತಿ ಉಂಟು. ನಿಮ್ಮ ಆಪರೇಷನ್ ಯಾವ ಲೆಕ್ಕಕ್ಕೆ ಸೇರುತ್ತದೆ ಎಂದು ಅಂದಾಜು ಪಟ್ಟಿಯಲ್ಲೇ ಬರೆಸಿಕೊಳ್ಳಿ. ಅರಿವಳಿಕೆ, ಕೋಣೆ, ತೆಗೆದ ಅಂಗಾಂಶದ ಬಯಾಪ್ಸಿ, ಕೆಲವು ವಾರ ಹಾಕಿಕೊಳ್ಳಬೇಕಾದ ಬಿಗಿ ಬನಿಯನ್ನು ಎಲ್ಲವೂ ಅದರಲ್ಲಿ ಸೇರಿರಬೇಕು. ರಕ್ತ ಹೆಪ್ಪುಗಟ್ಟಿದರೆ, ನೀರು ತುಂಬಿದರೆ, ಎರಡು ಬದಿ ಸಮ ಬರದಿದ್ದರೆ ಮರುಚಿಕಿತ್ಸೆಯ ಖರ್ಚು ಯಾರದ್ದು ಎಂಬುದೂ ಇರಬೇಕು. ಸರ್ಜನ್ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಮಾಡಿದವರೇ ಎಂದು ವಿಚಾರಿಸಲು ಸಂಕೋಚ ಬೇಡ.

ಸಾಲವೋ, ಪಿಗ್ಮಿಯೋ?

ಕ್ಲಿನಿಕ್ಕುಗಳು 'ಬಡ್ಡಿಯಿಲ್ಲದ ಕಂತು' ಎಂದು ಕರೆಯುತ್ತವೆ. ಶೂನ್ಯ ಬಡ್ಡಿ ಎಂಬುದೇ ಇಲ್ಲ, ಅದು ಬೇರೆ ಹೆಸರಿನಲ್ಲಿ ಗ್ರಾಹಕನ ಮೇಲೆ ಬೀಳುತ್ತದೆ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಎಚ್ಚರಿಸಿತ್ತು. 2024ರ ಅಕ್ಟೋಬರ್ 1ರಿಂದ ಬ್ಯಾಂಕು, ಫೈನಾನ್ಸ್ ಕಂಪನಿಗಳು ಇಂಥ ಸಾಲಕ್ಕೆ ಎಲ್ಲ ಶುಲ್ಕ ಸೇರಿಸಿದ ವಾರ್ಷಿಕ ದರ ತೋರಿಸುವ ಮಾಹಿತಿ ಪತ್ರ ಕೊಡಲೇಬೇಕು. ಸಹಿ ಹಾಕುವ ಮೊದಲು ಅದನ್ನು ಓದಿ.

ಒಂದು ಲೆಕ್ಕ ಮಾಡೋಣ. ಒಂದು ಲಕ್ಷ ಸಾಲ, ಶೇ 16 ಬಡ್ಡಿ, ಎರಡು ವರ್ಷ. ತಿಂಗಳ ಕಂತು ಸುಮಾರು 4,900, ಕಟ್ಟುವ ಒಟ್ಟು ಹಣ 1,17,500. ಅದೇ ಎರಡು ವರ್ಷ ದಿನಕ್ಕೆ 150 ರೂಪಾಯಿಯಂತೆ ಪಿಗ್ಮಿ ಠೇವಣಿ ಕಟ್ಟಿದರೆ ಬಡ್ಡಿ ಬಿಟ್ಟು 1,09,500 ಕೈಗೆ ಬರುತ್ತದೆ. ಪಿಗ್ಮಿ ಹುಟ್ಟಿದ್ದು ನಮ್ಮ ಜಿಲ್ಲೆಯಲ್ಲೇ. 1925ರಲ್ಲಿ ಉಡುಪಿಯಲ್ಲಿ ಶುರುವಾಗಿ ಆಮೇಲೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆ 1928ರಲ್ಲಿ ಇದನ್ನು ಆರಂಭಿಸಿತು. ಆ ಬ್ಯಾಂಕ್ ಕಟ್ಟಿದವರಲ್ಲಿ ಒಬ್ಬರಾದ ಡಾ. ಟಿ.ಎಂ.ಎ. ಪೈಯವರೇ 1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ತೆರೆದರು. ದಿನದ ಪುಡಿಗಾಸನ್ನು ಕೂಡಿಸಿ ದೊಡ್ಡ ಚಿಕಿತ್ಸೆಗೆ ಹೋಗುವ ದಾರಿ ನಮ್ಮ ಹಿರಿಯರಿಗೆ ಗೊತ್ತಿದ್ದದ್ದೇ. ಒಂದು ಎಚ್ಚರ: ಬ್ಯಾಂಕಿನ ಠೇವಣಿಗೆ 5 ಲಕ್ಷದವರೆಗೆ ಡಿಐಸಿಜಿಸಿ ವಿಮೆ ಇದೆ, ಪತ್ತಿನ ಸಹಕಾರಿ ಸಂಘಗಳ ಠೇವಣಿಗೆ ಆ ವಿಮೆ ಇಲ್ಲ.

ಕಾಯುವುದರಿಂದ ವೈದ್ಯಕೀಯವಾಗಿಯೂ ಲಾಭವೇ. ತೂಕ ಕನಿಷ್ಠ ಆರು ತಿಂಗಳಾದರೂ ಒಂದೇ ಮಟ್ಟದಲ್ಲಿ ನಿಲ್ಲಲಿ ಎನ್ನುತ್ತಾರೆ ಸರ್ಜನ್‌ಗಳು. ಮತ್ತೆ ತೂಕ ಏರಿದರೆ ಹಾಕಿದ ದುಡ್ಡಿನ ಫಲ ಕೆಡುತ್ತದೆ. ತಿಂಗಳನ್ನೂ ಆರಿಸಿಕೊಳ್ಳಬಹುದು. ಗಂಗೊಳ್ಳಿಯ ಬೋಟಿನವರಿಗೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಹೇಗೂ ಇದೆ; ಆಗ ಮಾಡಿಸಿಕೊಂಡರೆ ದುಡಿಮೆ ತಪ್ಪುವುದಿಲ್ಲ. ಯಕ್ಷಗಾನ ಮೇಳದ ಕಲಾವಿದರಿಗೂ ತಿರುಗಾಟವಿಲ್ಲದ ಮಳೆಗಾಲವೇ ಅನುಕೂಲ. ಏಪ್ರಿಲ್, ಮೇ ತಿಂಗಳ ಬೆವರಿನಲ್ಲಿ ಬಿಗಿ ಬನಿಯನ್ನು ಹಾಕಿಕೊಂಡಿರುವುದು ಯಾರಿಗೂ ಸುಲಭವಲ್ಲ.

ನಾನು ಪಿಗ್ಮಿ ಶುರುಮಾಡಿದ್ದೇನೆ. ಹಣ ತುಂಬುವ ಹೊತ್ತಿಗೂ ಆಪರೇಷನ್ ಬೇಕು ಅನ್ನಿಸಿದರೆ ಯಾರ ಋಣವೂ ಇಲ್ಲದೆ ಮಾಡಿಸುತ್ತೇನೆ. ಬೇಡ ಅನ್ನಿಸಿದರೆ ಆ ಹಣ ಮನೆಯ ಮತ್ತೊಂದು ಕೆಲಸಕ್ಕೆ ಬರುತ್ತದೆ. ಸಾಲ ಮಾಡಿದವನಿಗೆ ಮನಸ್ಸು ಬದಲಿಸುವ ಅವಕಾಶ ಇರುವುದಿಲ್ಲ, ಕೂಡಿಟ್ಟವನಿಗೆ ಕೊನೆಯ ದಿನದವರೆಗೂ ಇರುತ್ತದೆ. ನಿಮ್ಮ ಮನೆಯಲ್ಲೂ ಈ ಚಿಂತೆಯಲ್ಲಿರುವ ಮಗನೋ ತಮ್ಮನೋ ಇದ್ದರೆ ಅವನ ಮಾತನ್ನು ತಳ್ಳಿಹಾಕಬೇಡಿ. ಮೊದಲ ಪರೀಕ್ಷೆಯ ದುಡ್ಡು ನೀವೇ ಕೊಡಿ, ಅವನ ಜೊತೆ ಹೋಗಿ.