ಒಬ್ಬನೇ ಹೊರಟವನ ಜಮಾ-ಖರ್ಚು



ನಾನು ಕಾಮರ್ಸ್ ವಿದ್ಯಾರ್ಥಿ. ಹತ್ತನೆಯ ಇಯತ್ತೆಯ ತನಕ ಮುಂಬಯಿಯ ಕನ್ನಡ ಶಾಲೆಯಲ್ಲಿ ಓದಿದವನು. ಕಾವ್ಯ, ವಿಮರ್ಶೆ ಎಂದರೆ ಸ್ವಲ್ಪ ಹಿಂಜರಿಯುವವನು. ಆದರೆ ಖಾತೆ ಬರೆಯಲಿಕ್ಕೆ ಬರುತ್ತದೆ. ಹಾಗಾಗಿ ಸಂಪಾದಕರು "ಏನಾದರೂ ಅಭ್ಯಾಸ ಲೇಖನ ಕೊಡು ಮಾರಾಯ" ಎಂದಾಗ, ಒಬ್ಬ ಪ್ರವಾಸಿಯ ಖಾತೆಯನ್ನೇ ಬಿಡಿಸಿ ನೋಡೋಣ ಎನಿಸಿತು.

ಇದಕ್ಕೊಂದು ಸ್ವಂತ ಕಾರಣವೂ ಇದೆ. ಪದವಿ ಪರೀಕ್ಷೆ ಮುಗಿದ ಮೇಲೆ ಬೆನ್ನಿಗೊಂದು ಚೀಲ ಹಾಕಿಕೊಂಡು ವಿಯೆಟ್ನಾಂ, ಲಾವೋಸ್, ಕಾಂಬೋಡಿಯಗಳಲ್ಲಿ ಮೂರು ತಿಂಗಳು ಒಬ್ಬನೇ ತಿರುಗಿ ಬರಬೇಕೆಂದು ನನಗೆ ಆಸೆ. ಎರಡು ವರ್ಷದಿಂದ ಸಂಜೆ ಹೊತ್ತು ಒಂದು ಅಂಗಡಿಯ ಲೆಕ್ಕ ಬರೆದು ದುಡ್ಡು ಕೂಡಿಸಿದ್ದೇನೆ. ಮನೆಯಲ್ಲಿ ಹೇಳಿದಾಗ ಅಪ್ಪಯ್ಯ ಊಟದ ಕೈಯನ್ನು ಹಾಗೇ ನಿಲ್ಲಿಸಿ, "ಒಬ್ನೇ ಹೋತ್ಯಾ? ಎಂತಕ್ಕೆ?" ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಉತ್ತರ ಹುಡುಕುತ್ತಾ ಕಾಲೇಜಿನ ಲೈಬ್ರರಿಯಲ್ಲಿ ಸಿಕ್ಕವನು ಇಬ್ನ್ ಬತೂತ. ಎಚ್. ಎ. ಆರ್. ಗಿಬ್ ಎಂಬ ವಿದ್ವಾಂಸರು 1929ರಲ್ಲಿ ಅವನ ಪ್ರವಾಸಕಥನವನ್ನು ಸಂಗ್ರಹಿಸಿ ಇಂಗ್ಲಿಷಿಗೆ ತಂದಿದ್ದಾರೆ.

1. ಹೊರಟ ದಿನ

ಇಬ್ನ್ ಬತೂತ ಮೊರೊಕ್ಕೊ ದೇಶದ ಟಾಂಜಿಯರ್ ಎಂಬ ಬಂದರಿನವನು. ಹುಟ್ಟಿದ್ದು 1304ರಲ್ಲಿ. ಮನೆತನದವರು ಇಸ್ಲಾಮೀ ನ್ಯಾಯಶಾಸ್ತ್ರ ಓದಿದವರು. ಇವನೂ ಅದನ್ನೇ ಓದಿದ. 1325ರ ಜೂನ್ ತಿಂಗಳಲ್ಲಿ, 21ರ ವಯಸ್ಸಿಗೆ, ಮೆಕ್ಕಾ ಯಾತ್ರೆಗೆಂದು ಮನೆ ಬಿಟ್ಟ. ಜೊತೆಗೆ ಸ್ನೇಹಿತನಿಲ್ಲ, ಸೇರಿಕೊಳ್ಳಲು ಯಾತ್ರಿಕರ ತಂಡವೂ ಇಲ್ಲ. ತಂದೆ ತಾಯಿ ಇಬ್ಬರೂ ಬದುಕಿದ್ದರು, ಅವರನ್ನು ಬಿಟ್ಟು ಹೊರಡುವುದು ಬಹಳ ಕಷ್ಟವಾಯಿತು ಎಂದು ಅವನೇ ಹೇಳಿಕೊಂಡಿದ್ದಾನೆ. ಒಂದೆರಡು ವರ್ಷದಲ್ಲಿ ಮುಗಿಯಬಹುದಾಗಿದ್ದ ಯಾತ್ರೆ ಅದು. ಆದರೆ ಅವನು ಸ್ವದೇಶಕ್ಕೆ ಮರಳಿದ್ದು 1349ರಲ್ಲಿ. ಅಂದರೆ 24 ವರ್ಷದ ನಂತರ!

ಈಗ ಖಾತೆ ತೆರೆಯೋಣ.

2. ಬಂಡವಾಳ

ಅವನ ಹತ್ತಿರ ಇದ್ದ ನಗದು ಹೆಚ್ಚೇನಲ್ಲ. ಒಂದು ಕತ್ತೆ, ಒಂದಿಷ್ಟು ಸಾಮಾನು. ಬಿಜಾಯ ಎಂಬ ಊರಿಗೆ ಬರುವಷ್ಟರಲ್ಲಿ ಜ್ವರ ಹಿಡಿಯಿತು. ದಾರಿಯಲ್ಲಿ ಜೊತೆಯಾಗಿದ್ದ ಒಬ್ಬರು, ಗುಣವಾಗುವ ತನಕ ಇಲ್ಲೇ ಇರು ಎಂದರು. ಇವನು ಒಪ್ಪಲಿಲ್ಲ, ಸಾಯುವುದಾದರೆ ದಾರಿಯಲ್ಲೇ ಸಾಯುತ್ತೇನೆ ಎಂದ. ಆಗ ಆ ಹಿರಿಯರು ಒಂದು ಒಳ್ಳೆಯ ಮಾತು ಹೇಳಿದರು: ಹಾಗಿದ್ದರೆ ನಿನ್ನ ಕತ್ತೆಯನ್ನೂ ಭಾರದ ಸಾಮಾನನ್ನೂ ಮಾರಿಬಿಡು, ಬೇಕಾದ್ದನ್ನು ನಾನು ಎರವಲು ಕೊಡುತ್ತೇನೆ. ಇವನು ಮಾರಿದ. ಮುಂದೆ ನಿಶ್ಶಕ್ತಿಯಿಂದ ಬಿದ್ದೇನೆಂದು ಹೆದರಿ ತಲೆಯ ರುಮಾಲಿನಿಂದ ತನ್ನನ್ನು ಜೀನಿಗೆ ಕಟ್ಟಿಕೊಂಡು ಸವಾರಿ ಮಾಡಿದ.

ಬೆನ್ನಚೀಲದ ಪ್ರವಾಸಿಗೆ ಇದು ಮೊದಲ ಪಾಠ. ಹೊರುವವರು ನಾವೇ ಆದಾಗ ಸಾಮಾನು ಆಸ್ತಿಯಲ್ಲ, ಹೊಣೆ. ಅಢಾವೆ ಪತ್ರಿಕೆಯಲ್ಲಿ ಅದನ್ನು ಎಡಗಡೆ ಬರೆಯಬೇಕು.

ಹಾಗಾದರೆ ಅವನ ನಿಜವಾದ ಬಂಡವಾಳ ಯಾವುದು? ಅವನ ವಿದ್ಯೆ. ಟ್ಯೂನಿಸಿನಿಂದ ಯಾತ್ರಿಕರ ತಂಡ ಹೊರಟಾಗ ಅವನನ್ನೇ ಅದರ ಖಾಜಿಯಾಗಿ, ಎಂದರೆ ನ್ಯಾಯ ಹೇಳುವವನಾಗಿ, ನೇಮಿಸಿದರು. ಒಬ್ಬನೇ ಹೊರಟ ಹುಡುಗನಿಗೆ ಆರು ತಿಂಗಳೊಳಗೆ ಒಂದು ಉದ್ಯೋಗ ಸಿಕ್ಕಿತು. ಮುಂದೆ ದಿಲ್ಲಿಯಲ್ಲಿ, ಮಾಲ್ಡೀವ್ಸ್ ದ್ವೀಪಗಳಲ್ಲಿ ಅದೇ ವಿದ್ಯೆ ಅವನಿಗೆ ಅನ್ನ ಹಾಕಿತು. ಅರಬ್ಬಿ ಭಾಷೆ, ಧರ್ಮಶಾಸ್ತ್ರ ಇವೆರಡು ಯಾವ ಸುಂಕದ ಕಟ್ಟೆಯಲ್ಲೂ ಸುಂಕ ಬೀಳದ ಸರಕು.

3. ಒಬ್ಬನೇ ಎಂದರೆ ಎಷ್ಟು ಒಬ್ಬನೇ?

ಟ್ಯೂನಿಸಿನ ಒಂದು ಪ್ರಸಂಗ ಓದುವಾಗ ನನಗೆ ಗಂಟಲು ಕಟ್ಟಿತು. ತಂಡ ಊರು ಮುಟ್ಟಿದಾಗ ಅಲ್ಲಿಯ ಜನ ಎದುರುಗೊಳ್ಳಲು ಬಂದರು. ಎಲ್ಲರೂ ಎಲ್ಲರಿಗೂ ಸಲಾಂ ಹೇಳಿದರು. ಇವನಿಗೆ ಮಾತ್ರ ಯಾರೂ ಹೇಳಲಿಲ್ಲ, ಯಾಕೆಂದರೆ ಯಾರಿಗೂ ಇವನ ಗುರುತಿಲ್ಲ. ಹುಡುಗ ಅಳು ತಡೆಯಲಾರದೆ ಅತ್ತುಬಿಟ್ಟ. ಯಾತ್ರಿಕನೊಬ್ಬ ಅದನ್ನು ಕಂಡು ಹತ್ತಿರ ಬಂದು ಮಾತಾಡಿಸಿ ಸಮಾಧಾನ ಮಾಡಿದ.

ಅಂದರೆ ಒಬ್ಬನೇ ಹೊರಡಬಹುದು, ಆದರೆ ಒಬ್ಬನೇ ತಲುಪುವುದಿಲ್ಲ. ಆ ಕಾಲದ ಊರೂರಲ್ಲಿ ಜಾವಿಯಾ ಎಂಬ ಆಶ್ರಯಸ್ಥಾನಗಳಿದ್ದವು. ದಾರಿಹೋಕರಿಗೆ ಅಲ್ಲಿ ಊಟ, ಮಲಗಲು ಜಾಗ. ನಮ್ಮ ಮಠ, ಛತ್ರಗಳ ಹಾಗೆ. ಕಾನ್ಸ್ಟಂಟೈನ್ ಎಂಬ ಊರಿನಲ್ಲಿ ಮಳೆಗೆ ಬಟ್ಟೆಯೆಲ್ಲ ತೊಯ್ದು ಹೋದಾಗ ಅಲ್ಲಿಯ ಅಧಿಕಾರಿ ಹೊಸ ವಸ್ತ್ರ ಕೊಟ್ಟ. ಅದರ ಸೆರಗಿನಲ್ಲಿ ಎರಡು ಚಿನ್ನದ ದೀನಾರ್ ಕಟ್ಟಿದ್ದವು. ಆ ದಾರಿಯಲ್ಲಿ ತನಗೆ ಸಿಕ್ಕಿದ ಮೊದಲ ದಾನ ಎಂದು ಅದನ್ನು ನೆನೆಸಿಕೊಂಡಿದ್ದಾನೆ.

ಇದನ್ನು ಓದುತ್ತಿರುವ ನಮ್ಮಲ್ಲಿ ಅನೇಕರ ತಂದೆ, ಅಜ್ಜಂದಿರು ಮುಂಬಯಿಗೆ ಬಂದದ್ದೂ ಹೀಗೆಯೇ ಅಲ್ಲವೇ? ನನ್ನ ಅಪ್ಪಯ್ಯ ಕುಂದಾಪುರದ ಕಡೆಯಿಂದ 13ನೆಯ ವಯಸ್ಸಿಗೆ ಒಬ್ಬರೇ ಬಂದರು. ಕೈಯಲ್ಲಿ ಒಂದು ಹೋಟೆಲಿನ ವಿಳಾಸದ ಚೀಟಿ. ಊರಿನವರ ಹೋಟೆಲು, ರಾತ್ರಿ ಅದರದೇ ನೆಲ, ರಾತ್ರಿಶಾಲೆ. ಅದೇ ಅವರ ಜಾವಿಯಾ.

4. ನಮ್ಮ ಊರಿನಲ್ಲಿ ಅವನು

1342ರಲ್ಲಿ ದಿಲ್ಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕ್ ಇವನನ್ನು ಚೀನಾಕ್ಕೆ ರಾಯಭಾರಿಯಾಗಿ ಕಳಿಸಿದ. ಆ ದಾರಿಯಲ್ಲಿ ಅವನು ನಮ್ಮ ಕರಾವಳಿಗೆ ಬಂದ. ಹೊನ್ನಾವರ, ಬಾರಕೂರು, ಮಂಗಳೂರು ಮೂರನ್ನೂ ಹೆಸರಿಸಿದ್ದಾನೆ. ವಿಜಯನಗರ ಹುಟ್ಟಿದ ಹೊಸದು. ಮಂಗಳೂರಿನಲ್ಲಿ ಮೆಣಸು, ಶುಂಠಿ ಹೇರಳ, ಪಾರಸಿ ಮತ್ತು ಯೆಮನ್ ವ್ಯಾಪಾರಿಗಳು ಬಂದಿಳಿಯುತ್ತಾರೆ ಎಂದಿದ್ದಾನೆ. ಹೊನ್ನಾವರದಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆಗಳನ್ನು ಕಂಡೆ, ಇಂಥದ್ದನ್ನು ಬೇರೆಲ್ಲೂ ಕಂಡಿಲ್ಲ ಎಂದು ಬರೆಸಿದ್ದಾನೆ.

ಅಲ್ಲಿಯ ಸುಲ್ತಾನನ ಮನೆಯ ಊಟವನ್ನೂ ವರ್ಣಿಸಿದ್ದಾನೆ. ದೊಡ್ಡ ಸೌಟಿನಲ್ಲಿ ಅನ್ನ, ಮೇಲೆ ತುಪ್ಪ, ಬದಿಗೆ ಕಾಳುಮೆಣಸು, ಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ, ಕೊನೆಗೆ ಮೊಸರು. ಓದುತ್ತಾ ನನಗೆ ನಗು ಬಂತು. ಇದು ನಮ್ಮ ಮನೆಯ ಭಾನುವಾರದ ಊಟವೇ! ಅವನಿಗೆ ಮಾತ್ರ ಕಷ್ಟ. ಒಟ್ಟು 11 ತಿಂಗಳು ಆ ಸುಲ್ತಾನನ ಬಳಿ ರೊಟ್ಟಿಯ ಮುಖ ನೋಡಲಿಲ್ಲ. ಮುಂದೆ ಸಿಂಹಳ, ಮಲಬಾರುಗಳಲ್ಲೂ ಅನ್ನವೇ. ಕೊನೆಕೊನೆಗೆ ನೀರು ಕುಡಿದು ಅನ್ನ ನುಂಗಬೇಕಾಯಿತಂತೆ. ಹೊರದೇಶ ಎಂದರೆ ನಾವು ನೋಡಲು ಹೋಗುವುದು ಮಾತ್ರವಲ್ಲ, ನಮ್ಮ ಊರೂ ಒಬ್ಬನಿಗೆ ಹೊರದೇಶ. ಇದು ನನಗೆ ಆವರೆಗೆ ಹೊಳೆದಿರಲಿಲ್ಲ.

5. ಸಾಲ ಮತ್ತು ನಷ್ಟ

ಅವನ ಖಾತೆಯಲ್ಲಿ ಕೆಟ್ಟ ಪುಟಗಳೂ ಇವೆ. ದಿಲ್ಲಿ ಸುಲ್ತಾನನಿಗೆ ಕಾಣಿಕೆ ಕೊಟ್ಟರೆ ಅದಕ್ಕಿಂತ ಎಷ್ಟೋ ಪಾಲು ಹಿಂದೆ ಬರುತ್ತಿತ್ತು. ಆದ್ದರಿಂದ ಹೊಸಬರಿಗೆ ಕಾಣಿಕೆ ಕೊಳ್ಳಲು ಸಾಲ ಕೊಡುವ ವ್ಯಾಪಾರಿಗಳೇ ಇದ್ದರು. ಇವನೂ ಸಾಲ ಮಾಡಿದ, 55,000 ದೀನಾರಿನಷ್ಟಾಯಿತು. ಕೊನೆಗೆ ಸಾಲಗಾರರಿಗೆ ಇವನೇ ಉಪಾಯ ಹೇಳಿಕೊಟ್ಟು, ಅರಮನೆಯ ಬಾಗಿಲಲ್ಲಿ ತನ್ನನ್ನು ಅಡ್ಡಹಾಕಿಸಿಕೊಂಡು, ಸುಲ್ತಾನನಿಂದ ಸಾಲ ತೀರಿಸಿಕೊಂಡ. ಎಲ್ಲರಿಗೂ ಇಂಥ ಸುಲ್ತಾನ ಸಿಗುವುದಿಲ್ಲ, ಆದ್ದರಿಂದ ಅನುಕರಿಸಬೇಡಿ.

ಕಲ್ಲಿಕೋಟೆಯಲ್ಲಿ ಬಿರುಗಾಳಿಗೆ ಚೀನಾಕ್ಕೆ ಹೋಗಬೇಕಾದ ಕಾಣಿಕೆಯ ಹಡಗು ಒಡೆಯಿತು. ಅವನ ಸ್ವಂತ ಸಾಮಾನಿದ್ದ ಇನ್ನೊಂದು ಹಡಗು ಅವನನ್ನು ದಡದಲ್ಲೇ ಬಿಟ್ಟು ಹೊರಟುಹೋಯಿತು. ಉಳಿದದ್ದು 10 ದೀನಾರ್ ಮತ್ತು ಹಾಸಿ ಮಲಗುವ ಒಂದು ಜಮಖಾನ.

ಆ ಹಡಗಿನಲ್ಲಿ ಅವನ ಗುಲಾಮರೂ ಇದ್ದರು ಎಂಬುದನ್ನು ಮುಚ್ಚಿಡಬಾರದು. ಒಬ್ಬನೇ ಹೊರಟ ಹುಡುಗ ಬಹುಬೇಗ ಮನುಷ್ಯರನ್ನು ಕೊಂಡು ಮಾರುವ ದೊಡ್ಡ ಮನುಷ್ಯನಾದ. ಇನ್ನು ಆಡಿಟ್ ದೃಷ್ಟಿಯಿಂದ ನೋಡಿದರೆ ಅವನ ಲೆಕ್ಕ ಪೂರ್ತಿ ಶುದ್ಧವೂ ಅಲ್ಲ. ಇಡೀ ಕಥನವನ್ನು ಅವನು ನೆನಪಿನಿಂದ ಹೇಳಿ, ಇಬ್ನ್ ಜುಜಯ್ ಎಂಬವನು ಬರೆದುಕೊಂಡು 1355ರಲ್ಲಿ ಮುಗಿಸಿದ. ಕೆಲವು ವರ್ಣನೆಗಳು ಇಬ್ನ್ ಜುಬೈರ್ ಎಂಬ ಹಿಂದಿನ ಯಾತ್ರಿಕನ ಪುಸ್ತಕದಿಂದ ಬಂದವು ಎಂದು ವಿದ್ವಾಂಸರು ತೋರಿಸಿದ್ದಾರೆ. ಕೆಲವು ಊರುಗಳಿಗೆ ಅವನು ಹೋಗಿಯೇ ಇಲ್ಲ ಎಂಬ ಸಂಶಯವೂ ಇದೆ.

6. ಈ ಕಾಲದ ಲೆಕ್ಕ

ಈಗ ನಮ್ಮ ಕೀರ್ದಿ ಪುಸ್ತಕಕ್ಕೆ ಬರೋಣ. 1973ರ ಫೆರಾ ಕಾಯ್ದೆಯ ಕಾಲದಲ್ಲಿ ಭಾರತದಿಂದ ಸ್ವಂತ ಖುಷಿಗೆ ಹೊರದೇಶಕ್ಕೆ ಹೋಗುವವನಿಗೆ ವಿದೇಶಿ ಹಣ ಸಿಗುವುದೇ ದುರ್ಲಭವಾಗಿತ್ತು. 1999ರ ಫೆಮಾ ಕಾಯ್ದೆ ಅದನ್ನು ಸಡಿಲಿಸಿತು. 2004ರಲ್ಲಿ ರಿಸರ್ವ್ ಬ್ಯಾಂಕು ವರ್ಷಕ್ಕೆ 25,000 ಡಾಲರ್ ತನಕ ಹೊರಗೆ ಕಳಿಸಲು ಅನುಮತಿ ಕೊಟ್ಟಿತು; ಈಗ ಆ ಮಿತಿ 2,50,000 ಡಾಲರ್. ನಮ್ಮಂಥವರಿಗೆ ಮಿತಿ ಈಗ ರಿಸರ್ವ್ ಬ್ಯಾಂಕಿನದಲ್ಲ, ಕಿಸೆಯದು! ಒಂದು ಪ್ರವಾಸಕ್ಕೆ ನೋಟಿನ ರೂಪದಲ್ಲಿ ಸಾಮಾನ್ಯವಾಗಿ 3,000 ಡಾಲರ್ ತನಕ ಒಯ್ಯಬಹುದು, ಉಳಿದದ್ದು ಕಾರ್ಡಿನಲ್ಲಿ. ನೇಪಾಳ, ಭೂತಾನಗಳಿಗೆ ವಿದೇಶಿ ಹಣ ಕೊಡುವುದಿಲ್ಲ, ಅಲ್ಲಿಗೆ ನಮ್ಮ ರೂಪಾಯಿಯೇ.

ಒಂಟಿ ಪ್ರವಾಸಿಗೆ ಒಂದು ಗುಪ್ತ ತೆರಿಗೆ ಇದೆ. ಕೋಣೆಗೆ ದಿನಕ್ಕೆ 1,200 ರೂಪಾಯಿ ಎಂದು ಹಿಡಿಯಿರಿ. ಇಬ್ಬರಾದರೆ ತಲಾ 600. ಒಬ್ಬನೇ ಆದರೆ ಪೂರಾ 1,200. ಅರವತ್ತು ರಾತ್ರಿಗೆ 36,000 ರೂಪಾಯಿ ಜಾಸ್ತಿ. ಈ ಸ್ಥಿರ ವೆಚ್ಚವನ್ನು ಒಡೆಯಲಿಕ್ಕೆಂದೇ ಒಂದು ಕೋಣೆಯಲ್ಲಿ ಎಂಟು ಹತ್ತು ಹಾಸಿಗೆಗಳ ಹಾಸ್ಟೆಲುಗಳು ಹುಟ್ಟಿಕೊಂಡಿರುವುದು.

ಇನ್ನೊಂದು ಸಣ್ಣ ಮೋಸ. ಹೊರದೇಶದ ಅಂಗಡಿಯಲ್ಲಿ ಕಾರ್ಡ್ ಕೊಟ್ಟರೆ ಮೆಷಿನ್ನು ಕೆಲವೊಮ್ಮೆ "ರೂಪಾಯಿಯಲ್ಲೇ ಕೊಡುತ್ತೀರಾ?" ಎಂದು ಕೇಳುತ್ತದೆ. ನಮ್ಮ ರೂಪಾಯಿ ಎಂಬ ಪ್ರೀತಿಯಿಂದ ಹೂಂ ಎನ್ನಬೇಡಿ. ಹೂಂ ಎಂದರೆ ವಿನಿಮಯದ ದರ ನಿಮ್ಮ ಬ್ಯಾಂಕಿನದಲ್ಲ, ಆ ಮೆಷಿನ್ನಿನವರದು. ಅದು ಶೇಕಡಾ 5 ತುಟ್ಟಿ ಎಂದಿಟ್ಟುಕೊಂಡರೂ 10,000ದ ಬಿಲ್ಲಿಗೆ 500 ಹೋಯಿತು. ಆ ದೇಶದ ಹಣದಲ್ಲೇ ಕೊಡುತ್ತೇನೆ ಎನ್ನಬೇಕು. ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕೆಂದು ಅನೇಕ ದೇಶಗಳು ಕೇಳುತ್ತವೆ, ಅದನ್ನೂ ಮೊದಲೇ ನೋಡಿಕೊಳ್ಳಿ.

ನಮ್ಮ ವೃಂದದ ಗೆಳತಿಯೊಬ್ಬಳು ಈ ಲೇಖನದ ಕರಡು ಓದಿ, "ಇದೆಲ್ಲ ಹುಡುಗರ ಲೆಕ್ಕ. ನಾನು ಕೇಳಿದರೆ ಅಪ್ಪಯ್ಯ ಊಟ ಬಿಟ್ಟೇ ಏಳ್ತಾರೆ" ಎಂದಳು. ಮಾತು ಸರಿ. 1889ರಲ್ಲಿ ಅಮೆರಿಕದ ಪತ್ರಕರ್ತೆ ನೆಲ್ಲಿ ಬ್ಲೈ ಭೂಮಿ ಸುತ್ತುತ್ತೇನೆ ಎಂದಾಗ, ಹೆಂಗಸಿಗೆ ರಕ್ಷಣೆಗೊಬ್ಬ ಗಂಡಸು ಬೇಕು, ಸಾಮಾನೂ ಬಹಳ ಬೇಕು ಎಂದು ಪತ್ರಿಕೆಯವರು ತಡೆದಿದ್ದರು. ಅವಳು ಒಂದೇ ಒಂದು ಕೈಚೀಲ ಹಿಡಿದು ಒಬ್ಬಳೇ ಹೊರಟು 72 ದಿನಗಳಲ್ಲಿ ಸುತ್ತಿ ಬಂದಳು. ಆದರೂ ಗೆಳತಿಯ ಮನೆಯ ಪ್ರಶ್ನೆಗೆ ಇದು ಉತ್ತರವಾಗುತ್ತದೆ ಎಂದು ನಾನು ಹೇಳಲಾರೆ.

7. ಖಾತೆಯಲ್ಲಿ ಬರೆಯದೆ ಉಳಿದದ್ದು

1348ರಲ್ಲಿ ಮರಳುವ ದಾರಿಯಲ್ಲಿ ಡಮಾಸ್ಕಸಿಗೆ ಬಂದಾಗ ಇಬ್ನ್ ಬತೂತನಿಗೆ ಸುದ್ದಿ ಸಿಕ್ಕಿತು: ತಂದೆ ತೀರಿಕೊಂಡು 15 ವರ್ಷ ಆಗಿದೆ. ಅದು ಪ್ಲೇಗಿನ ಮಹಾಮಾರಿಯ ಕಾಲ. ಮುಂದೆ ಸ್ವದೇಶದೊಳಗೆ ಕಾಲಿಟ್ಟು ತಾಜಾ ಎಂಬ ಊರಿಗೆ ಬಂದಾಗ ಇನ್ನೊಂದು ಸುದ್ದಿ: ತಾಯಿಯೂ ಆ ಪ್ಲೇಗಿಗೆ ತುತ್ತಾಗಿದ್ದಾಳೆ. ಸುಮಾರು 1,17,000 ಕಿಲೋಮೀಟರ್ ತಿರುಗಿದ ಎಂದು ಅವನನ್ನು ಹೊಗಳುತ್ತಾರೆ. ಈ ಎರಡು ಸುದ್ದಿಗಳನ್ನು ಯಾವ ಕಡೆ ಬರೆಯುವುದು?

ಈ ಪುಟವನ್ನು ಒಂದು ರಾತ್ರಿ ಅಪ್ಪಯ್ಯನಿಗೆ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಆ ತನಕ ಹೇಳದಿದ್ದ ಒಂದು ಸಂಗತಿ ಹೇಳಿದರು. ಅವರು ಮುಂಬಯಿಗೆ ಬಂದು ಎರಡನೆಯ ವರ್ಷ ಊರಿನಲ್ಲಿ ಅಜ್ಜ ತೀರಿಕೊಂಡರಂತೆ. ಹೋಟೆಲಿಗೆ ಕಾಗದ ಬಂದದ್ದು 11 ದಿನ ಕಳೆದು. ಹೋಗಲಿಕ್ಕೆ ಕೈಯಲ್ಲಿ ಬಸ್ಸಿನ ದುಡ್ಡಿರಲಿಲ್ಲ, ಹೋಗಿಯೂ ಇಲ್ಲ.

ಅಪ್ಪಯ್ಯ "ಎಂತಕ್ಕೆ?" ಎಂದು ಕೇಳಿದ್ದು ನನ್ನ ಪ್ರವಾಸದ ಉದ್ದೇಶವನ್ನಲ್ಲ ಎಂಬುದು ಆಗ ನನಗೆ ಅರ್ಥವಾಯಿತು. ಅವರು ಹೊರಟದ್ದು ಬೇರೆ ದಾರಿ ಇಲ್ಲದೆ. ದಾರಿ ಇದ್ದೂ ಹೊರಡುವ ಮಗ ಅವರಿಗೆ ಅರ್ಥವಾಗುತ್ತಿಲ್ಲ. ನನಗೂ ಅದನ್ನು ಪೂರ್ತಿ ವಿವರಿಸಲು ಬರುವುದಿಲ್ಲ. ಯಾರೂ ಗುರುತಿಸದ ಊರಿನಲ್ಲಿ ನಾನು ಯಾರು ಎಂದು ಒಮ್ಮೆ ನೋಡಿಕೊಳ್ಳಬೇಕು, ಅಷ್ಟೇ ಹೇಳಿದೆ.

ಅವರು ಹೋಗು ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಮಲಗುವ ಮುಂಚೆ ಒಂದೇ ಮಾತು ಹೇಳಿದರು: "ಬಪ್ಪುಕೆ ಬೇಕಾದ ದುಡ್ಡ್ ಬೇರೆ ಕಟ್ಟಿ ಇಡ್."

ಅಭ್ಯಾಸಕ್ಕೆಂದು ಕೂತವನಿಗೆ ಸಿಕ್ಕಿದ ದೊಡ್ಡ ಪಾಠ ಇದು. ಹೊರಡುವ ಖರ್ಚನ್ನು ಎಲ್ಲರೂ ಲೆಕ್ಕ ಹಾಕುತ್ತಾರೆ. ಮರಳುವ ಟಿಕೆಟಿನ ಹಣ ಮಾತ್ರ ಮುಟ್ಟಬಾರದ ಮೀಸಲು ನಿಧಿ. ಯಾವ ಊರಿನಿಂದ, ಯಾವ ದಿನ ಸುದ್ದಿ ಬಂದರೂ ಮರುದಿನ ಹೊರಡುವಷ್ಟು. ನನ್ನ ಖಾತೆಯ ಮೊದಲ ಸಾಲಿನಲ್ಲಿ ಈಗ ಅದನ್ನೇ ಬರೆದಿದ್ದೇನೆ. ಉಳಿದ ಸಾಲುಗಳು ಪರೀಕ್ಷೆಯ ನಂತರ.