ಬಿದ್ದುಹೋಗುವ ಪ್ಯಾಕೆಟ್ಟುಗಳು ಮತ್ತು ಎಚ್ಚರಿಕೆಯ ಗಂಟೆ

ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡನ್ನು ಹಾಯ್ದುಹೋಗುವ ಹೆದ್ದಾರಿಗಳಲ್ಲಿ ರಾತ್ರಿ ೯ರಿಂದ ಬೆಳಗಿನ ೬ ಗಂಟೆಯವರೆಗಿನ ವಾಹನ ಸಂಚಾರಕ್ಕೆ ೨೦೦೯ರಲ್ಲಿ ತಡೆ ಬಿದ್ದಿತು. ಆಂಬ್ಯುಲೆನ್ಸುಗಳಿಗೂ ಗೊತ್ತುಪಡಿಸಿದ ಕೆಲವೇ ಬಸ್ಸುಗಳಿಗೂ ಮಾತ್ರ ವಿನಾಯಿತಿಯುಂಟು. ಒಳಗಿನದನ್ನು ಕಾಪಾಡಲು ಹೊರಗಿನದಕ್ಕೆ ಮಿತಿ ಹಾಕುವ ಇಂತಹ ಚೆಕ್‌ಪೋಸ್ಟೊಂದು ಕಂಪ್ಯೂಟರ್ ಜಾಲದ ಸ್ವಿಚ್ಚಿನಲ್ಲಿಯೂ ಇದೆ.

ಸ್ವಿಚ್ಚಿಗೆ ಬರುವ ಪ್ಯಾಕೆಟ್ಟುಗಳಲ್ಲಿ ಬಹುಪಾಲು ಬೇರೆಡೆಗೆ ಹೋಗತಕ್ಕವು. ಅವನ್ನು ಆ ಕೆಲಸಕ್ಕೆಂದೇ ರಚಿಸಿದ ಚಿಪ್ಪು ಅತಿ ವೇಗದಿಂದ ದಾಟಿಸುವುದು. ಉಳಿದ ಕೆಲವು ಪ್ರೋಟೋಕಾಲ್ ಪ್ಯಾಕೆಟ್ಟುಗಳು. ಎಂದರೆ, ಜಾಲದ ಉಪಕರಣಗಳು ತಮ್ಮತಮ್ಮಲ್ಲಿ ನಡೆಸುವ ಮಾತುಕತೆ. ಇವನ್ನು ಸ್ವಿಚ್ಚಿನ ಸಿಪಿಯುವೇ ಓದಬೇಕು. ಅದರ ಶಕ್ತಿ ಮಿತವಾದುದರಿಂದ ಒಂದೊಂದು ಪ್ರೋಟೋಕಾಲಿಗೂ ಸೆಕೆಂಡಿಗೆ ಇಷ್ಟೇ ಎಂಬ ಮಿತಿಯನ್ನು ವಿಧಿಸಿರುತ್ತಾರೆ. ಮಿತಿ ಮೀರಿದವು ಬಾಗಿಲಲ್ಲೇ ಬಿದ್ದುಹೋಗುವುವು.

ಬಿದ್ದರೆ ನಷ್ಟವೇನು? ದಾರಿಗಳನ್ನು ಗೊತ್ತುಮಾಡುವ ಓಎಸ್‌ಪಿಎಫ್ ಎಂಬ ಪ್ರೋಟೋಕಾಲನ್ನು ನೋಡೋಣ. ಈಥರ್ನೆಟ್ಟಿನಲ್ಲಿ ಅದು ಸಾಮಾನ್ಯವಾಗಿ ೧೦ ಸೆಕೆಂಡಿಗೊಮ್ಮೆ ನೆರೆಯ ಉಪಕರಣಕ್ಕೆ ‘ಹಲೋ’ ಎನ್ನುವುದು. ೪೦ ಸೆಕೆಂಡು ಹಲೋ ಕೇಳಿಸದಿದ್ದರೆ, ತಂತಿ ಸರಿಯಾಗಿದ್ದರೂ ನೆರೆಯ ಉಪಕರಣ ಇಲ್ಲವೆಂದೇ ತಿಳಿದು, ಅದರ ಮೂಲಕ ಹೋಗುವ ದಾರಿಗಳನ್ನು ಕೈಬಿಡುವುದು. ಜಾಲದಲ್ಲಿ ಸುತ್ತುದಾರಿ ಉಂಟಾಗದಂತೆ ಕಾಯುವ ಎಸ್‌ಟಿಪಿಯ ಪಾಡು ಇನ್ನೂ ಕಠಿಣ. ಅದರ ಸಂದೇಶಗಳು ಬಿದ್ದುಹೋದರೆ, ಮುಚ್ಚಿಟ್ಟ ದ್ವಾರವೊಂದು ತೆರೆದುಕೊಂಡು ಪ್ಯಾಕೆಟ್ಟುಗಳು ಕೊನೆಯಿಲ್ಲದೆ ಸುತ್ತತೊಡಗಬಹುದು. ಆ ಪ್ರವಾಹದಿಂದ ಮತ್ತಷ್ಟು ಪ್ಯಾಕೆಟ್ಟುಗಳು ಬೀಳುವುವು.

ಆದ್ದರಿಂದ ಎಚ್ಚರಿಕೆಯ ಗಂಟೆ ಬೇಕು. ಅದನ್ನು ಅಳವಡಿಸುವಾಗ ಮೂರು ಅಂಶಗಳನ್ನು ಗಮನಿಸಬೇಕು.

ಮೊದಲನೆಯದು: ಬಿದ್ದವನ್ನು ಎಣಿಸುವ ಅಂಕಿ ಏರುತ್ತಲೇ ಇರುವುದು. ಆದುದರಿಂದ ಒಟ್ಟು ಮೊತ್ತವನ್ನಲ್ಲ, ಎರಡು ಎಣಿಕೆಗಳ ನಡುವಣ ವ್ಯತ್ಯಾಸವನ್ನು ನೋಡಬೇಕು. ಒಟ್ಟು ೧೨,೪೦೦ ಇದ್ದು, ಮರು ಎಣಿಕೆಯಲ್ಲೂ ಅಷ್ಟೇ ಇದ್ದರೆ ಈಗ ತೊಂದರೆಯಿಲ್ಲ.

ಎರಡನೆಯದು: ಎಲ್ಲಕ್ಕೂ ಒಂದೇ ಅಳತೆ ಸಲ್ಲದು. ವಿಳಾಸ ಕೇಳುವ ಎಆರ್‌ಪಿ ಪ್ಯಾಕೆಟ್ಟು ಒಂದೆರಡು ಬಿದ್ದರೆ ಕೇಳಿದವರು ಮತ್ತೆ ಕೇಳುವರು. ಅದಕ್ಕೆ ಗಂಟೆಯ ಮಿತಿ ಹೆಚ್ಚಿರಲಿ. ಓಎಸ್‌ಪಿಎಫ್, ಎಸ್‌ಟಿಪಿಗಳಿಗೆ ಕಡಿಮೆಯಿರಬೇಕು. ಐದು ನಿಮಿಷಕ್ಕೊಮ್ಮೆ ಎಣಿಸುವ ಕಾವಲುಗಾರ ೪೦ ಸೆಕೆಂಡಿನ ಅಪಾಯವನ್ನು ಮುಂಚಿತವಾಗಿ ತಿಳಿಸಲಾರನೆಂಬುದೂ ಸ್ಪಷ್ಟ.

ಮೂರನೆಯದು: ಗಂಟೆ ಮೊಳಗುವ ಅಂಕಿಯೂ ನಿಲ್ಲುವ ಅಂಕಿಯೂ ಬೇರೆಯಾಗಿರಬೇಕು. ಉದಾಹರಣೆಗೆ, ೫೦ಕ್ಕೆ ಮೊಳಗಿ ೧೦ಕ್ಕಿಂತ ಕೆಳಗಿಳಿದಾಗ ನಿಲ್ಲಲಿ. ಎರಡೂ ೫೦ ಆದರೆ, ಎಣಿಕೆ ೪೯, ೫೧ ಎಂದು ತೂಗಾಡಿದಂತೆಲ್ಲ ಗಂಟೆ ಬಡಿದುಕೊಂಡು, ಕೊನೆಗೆ ಯಾರೂ ಅದಕ್ಕೆ ಕಿವಿಗೊಡರು.

ಗಂಟೆ ಮೊಳಗಿದೊಡನೆ ಸಿಪಿಯುವಿನ ಮಿತಿಯನ್ನು ಹಿಗ್ಗಿಸುವುದು ಜಾಣತನವಲ್ಲ. ಅದು ಪ್ರವಾಹಕ್ಕೆ ಬಾಗಿಲು ತೆರೆದಂತೆ. ಯಾವ ದ್ವಾರದಿಂದ, ಯಾರಿಂದ ಪ್ಯಾಕೆಟ್ಟುಗಳು ನುಗ್ಗುತ್ತಿವೆ ಎಂಬುದನ್ನು ಮೊದಲು ಹುಡುಕಬೇಕು. ಗಂಟೆ ರೋಗದ ಸೂಚನೆ, ಚಿಕಿತ್ಸೆಯಲ್ಲ.